ನಮ್ಮ ಬೆಟ್ಟದ ಪ್ರಾಣಿ, ನಮ್ಮ ತಗಡಿನ ಮನೆ

ನಮ್ಮೂರು ಇಯಾಪೆಲ್‌ನಲ್ಲಿ ಮಕ್ಕಳ ಹುಟ್ಟುಹಬ್ಬ ಹತ್ತಿರ ಬಂತೆಂದರೆ ದೊಡ್ಡವರಿಗೆ ತಲೆನೋವು ಶುರು. ಮೊದಲೆಲ್ಲ ನಾಯಿಮರಿ ಬೇಕು ಅನ್ನುತ್ತಿದ್ದರು, ಈಗೀಗ ಚಿಂಚಿಲ್ಲಾ ಬೇಕಂತೆ. ಇಲಿಯ ಜಾತಿಯ ಪ್ರಾಣಿ, ದಟ್ಟ ಬೂದು ಕೂದಲಿನ ಮೈ, ದುಂಡನೆಯ ದೊಡ್ಡ ಕಿವಿ, ಅಳಿಲಿನಂಥ ಬಾಲ. ಒಮ್ಮೆ ನೋಡಿದ ಮಗು ಬಿಡುವುದಿಲ್ಲ. ಬೇಡ ಅನ್ನಲು ಹೆತ್ತವರಿಗೂ ಬಾಯಿ ಬರುವುದಿಲ್ಲ. ಯಾಕೆಂದರೆ ಕಾಡು ಚಿಂಚಿಲ್ಲಾ ಉಳಿದಿರುವ ಬೆಟ್ಟ ನಮಗೆ ಬಸ್ಸಿನಲ್ಲಿ ಅರ್ಧ ಗಂಟೆ ದೂರ. ನಮ್ಮ ಪ್ರಾಣಿಯನ್ನು ಸಾಕುವುದನ್ನು ನಮಗೆ ಇನ್ನೊಬ್ಬರು ಹೇಳಿಕೊಡಬೇಕೇ ಎಂಬ ಜಂಬ ಊರಿನಲ್ಲಿ ಎಲ್ಲರಿಗೂ ಇದೆ.

ನನ್ನ ಹೆಸರು ನೋಲ್ಫಾ. ಇಪ್ಪತ್ತೆರಡು ವರ್ಷದಿಂದ ಹಟ್ಟಿ ಹಟ್ಟಿ ತಿರುಗಿ ಆಡುಗಳಿಗೆ ಲಸಿಕೆ ಹಾಕುತ್ತೇನೆ. ನನ್ನ ಪಕ್ಕದ ಮನೆ ಯಾಸ್ನಾಳದು. ಅವಳ ಗಂಡನಿಗೆ ಉತ್ತರದ ಗಣಿಯಲ್ಲಿ ಕೆಲಸ, ವಾರ ಅಲ್ಲಿ, ವಾರ ಇಲ್ಲಿ. ಮನೆಯಲ್ಲಿ ಅವಳು, ಒಂಬತ್ತು ವರ್ಷದ ಮಗಳು ಮಿಯರಾಯ್, ಮತ್ತೆ ಯಾಸ್ನಾಳ ಅಪ್ಪ ಸೆಗುಂದೊ. ಎಂಬತ್ತು ದಾಟಿದ ಅವರನ್ನು ಕೇರಿಯವರೆಲ್ಲ ತಾತ ಎಂದೇ ಕರೆಯುತ್ತೇವೆ.

ನವೆಂಬರ್‌ನಲ್ಲಿ, ನಮ್ಮ ಕಡೆ ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ದಿನ ಯಾಸ್ನಾ ಬೇಲಿಯ ಆಚೆಯಿಂದ ಕೇಳಿದಳು.

"ನೋಲ್ಫಕ್ಕಾ, ಹುಡುಗಿಗೆ ಒಂದು ಚಿಂಚಿಲ್ಲಾ ತಂದುಕೊಡೋಣ ಅಂತಿದೀನಿ. ಏನಂತೀಯ?"

"ತಂದುಕೊಡೇ, ಇರೋದು ಒಂದೇ ಮಗು," ಅಂದುಬಿಟ್ಟೆ.

ಬಟ್ಟೆ ಒಣಗಿಸುತ್ತಿದ್ದೆ. ಆ ಪ್ರಾಣಿಗೆ ಏನೇನು ಬೇಕು ಎಂದು ನನಗೆ ಗೊತ್ತಿತ್ತು. ಕೂತು ಹೇಳಲು ಸೋಮಾರಿತನ, ಅಷ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ನಿಮ್ಮ ಮುಂದೆ ಇದನ್ನೆಲ್ಲ ಹೇಳುತ್ತಿರುವುದು ಆ ತಪ್ಪಿಗಾಗಿ.

ಮುಂದಿನ ವಾರವೇ ಚಿಂಚಿಲ್ಲಾ ಬಂತು, ಹುಡುಗಿ ಅದಕ್ಕೆ ಪೆಲೂಸಾ ಎಂದು ಹೆಸರಿಟ್ಟಳು. ಕಾಡಿನಿಂದ ಹಿಡಿದದ್ದಲ್ಲ, ಹಾಗೆ ಹಿಡಿಯುವುದು ಅಪರಾಧ. ಒವಾಯೆ ಪಟ್ಟಣದಲ್ಲಿ ಸಾಕಿ ಮಾರುವವನ ಹತ್ತಿರ ಕೊಂಡದ್ದು. ಪಂಜರವನ್ನು ಅಡುಗೆಮನೆಯ ಕಪಾಟಿನ ಮೇಲೆ, ತಗಡಿನ ಸೂರಿನ ಕೆಳಗೆ ಇಟ್ಟರು. ಸೆಗುಂದೊ ತಾತ ಕುರ್ಚಿ ಎಳೆದುಕೊಂಡು ಅದರ ಎದುರಿಗೇ ಕೂತರು.

"ನನ್ನ ಅಪ್ಪ ಒಂದು ಚಳಿಗಾಲಕ್ಕೆ, ಚರ್ಮ ಮಾರೋಕೆ, ಮುನ್ನೂರು ಹಿಡೀತಿದ್ದ ಕಣವ್ವಾ. ಬಂಡೆ ಸಂದಿಗೆ ಹೊಗೆ ಹಾಕೋದು, ಹೊರಗೆ ಬಂದಿದ್ದನ್ನ ನಾಯಿ ಹಿಡಿಯೋದು. ಚಿಂಚಿಲ್ಲಾ ವಿಷಯ ನಮ್ಮ ಮನೆತನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ."

ಅದು ಹಗಲೆಲ್ಲ ಮಲಗುವ ಪ್ರಾಣಿ. ಮಿಯರಾಯ್ ಶಾಲೆಯಿಂದ ಬಂದವಳೇ ಕೈ ಹಾಕಿ ಎಳೆಯುತ್ತಿದ್ದಳು. ಹೆದರಿದಾಗ ಅದು ಮೈಯ ಕೂದಲನ್ನೇ ಬಿಟ್ಟು ಜಾರಿಕೊಳ್ಳುತ್ತದೆ. ಹುಡುಗಿಯ ಮುಷ್ಟಿಯಲ್ಲಿ ಕೂದಲ ಗೊಂಚಲು, ಅದರ ಬೆನ್ನ ಮೇಲೆ ಬರೀ ಚರ್ಮ.

"ತಾತಾ, ಇದಕ್ಕೆ ಕೂದಲು ಉದುರ್ತಿದೆ!"

"ಬೇಸಿಗೆ ಬಂತಲ್ಲಾ, ಕೋಟು ಬಿಚ್ತಿದೆ ಬಿಡು," ಎಂದು ನಗುತ್ತಿದ್ದರು ತಾತ. ನಗುತ್ತಲೇ ಜೇಬಿನಿಂದ ಒಣದ್ರಾಕ್ಷಿ ತೆಗೆದು ಕೊಡುತ್ತಿದ್ದರು. ಒಣಹುಲ್ಲು ತಿನ್ನುವ ಹೊಟ್ಟೆಗೆ ದಿನಕ್ಕೆ ಹತ್ತು ದ್ರಾಕ್ಷಿ. ಹುಲ್ಲು ಕಡಿಯದಿದ್ದರೆ ಅದರ ಹಲ್ಲು ಬೆಳೆಯುತ್ತಲೇ ಹೋಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಇದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದ ನಾನು ಆಗ ಆಡುಗಳ ಹಿಂದೆ ಬೆಟ್ಟದಲ್ಲಿದ್ದೆ.

ಇನ್ನು ಸ್ನಾನ. ಚಿಂಚಿಲ್ಲಾ ನೀರಿನಲ್ಲಿ ಮೀಯುವುದಿಲ್ಲ, ನುಣ್ಣನೆಯ ಧೂಳಿನಲ್ಲಿ ಹೊರಳುತ್ತದೆ. ಮಾರುವವನು ಅದಕ್ಕೆಂದೇ ಇರುವ ಧೂಳಿನ ಒಂದು ಪೊಟ್ಟಣ ಕೊಟ್ಟಿದ್ದ. ಎರಡು ವಾರಕ್ಕೆ ಮುಗಿಯಿತು.

"ಇನ್ನೊಂದು ಪೊಟ್ಟಣ ತರಿಸ್ಬೇಕಪ್ಪಾ," ಅಂದಳು ಯಾಸ್ನಾ.

"ಧೂಳನ್ನ ದುಡ್ಡು ಕೊಟ್ಟು ತರೋದಾ? ಇಯಾಪೆಲ್‌ನಲ್ಲಿ? ಜನ ಕೇಳಿದ್ರೆ ಮುಖಕ್ಕೆ ಉಗೀತಾರೆ!"

ತಾತ ಬಕೆಟ್ಟು ತಗೊಂಡು ಹೊರಟರು. ನಮ್ಮ ಕೇರಿಯ ಹಿಂದೆ, ಚಿನ್ನದ ಅದಿರು ಅರೆಯುತ್ತಿದ್ದ ಹಳೆಯ ಗಿರಣಿಯೊಂದು ಮುಚ್ಚಿಬಿದ್ದಿದೆ. ಅರೆದು ಉಳಿದ ಪುಡಿ ಅಲ್ಲಿ ಗುಡ್ಡೆಯಾಗಿ ಬಿದ್ದಿದೆ, ಮೈದಾಹಿಟ್ಟಿನಷ್ಟು ನುಣುಪು. ನಾವೆಲ್ಲ ಚಿಕ್ಕಂದಿನಲ್ಲಿ ಅದರ ಮೇಲೆ ಜಾರಿದವರೇ. ಆ ಪುಡಿಯನ್ನು ಟ್ರೇಯಲ್ಲಿ ಹಾಕಿದರು. ಪೆಲೂಸಾ ಗರಗರ ಹೊರಳಿತು, ಮನೆಯವರೆಲ್ಲ ಚಪ್ಪಾಳೆ ಹೊಡೆದರು.

ಕ್ರಿಸ್ಮಸ್ಸಿಗೆ ಇನ್ನೊಂದು ವಾರವಿತ್ತು. ಬಿಸಿಲು ತಲೆ ಸೀಳುತ್ತಿತ್ತು. ಮಧ್ಯಾಹ್ನ ಯಾಸ್ನಾ ಓಡಿ ಬಂದಳು.

"ಅಕ್ಕಾ, ಬಾರಕ್ಕಾ ಬೇಗ! ಅದು ಏಳ್ತಾನೇ ಇಲ್ಲ!"

ಹೋಗಿ ನೋಡಿದೆ. ಮಗ್ಗುಲಾಗಿ ಬಿದ್ದಿತ್ತು. ಕಿವಿ ಕೆಂಪಾಗಿತ್ತು, ಬಾಯಲ್ಲಿ ಜೊಲ್ಲು, ಪಕ್ಕೆ ಏದುಸಿರಿಗೆ ಹಾರುತ್ತಿತ್ತು. ಕಣ್ಣು ಕೀವುಗಟ್ಟಿ ಮುಚ್ಚಿಕೊಂಡಿತ್ತು. ನೆಲದ ತಣ್ಣನೆಯ ಕಲ್ಲಿನ ಮೇಲೆ ಮಲಗಿಸಿ, ಕಿವಿಗೆ ಒದ್ದೆ ಬಟ್ಟೆ ಹಿಡಿದೆ. ಆಗಲೇ ಟ್ರೇ ಕಣ್ಣಿಗೆ ಬಿತ್ತು. ಬೂದು ಪುಡಿ, ಅದರಲ್ಲಿ ಸಣ್ಣ ಮಿನುಗು.

"ಇದನ್ನ ಎಲ್ಲಿಂದ ತಂದ್ರಿ?"

"ಗಿರಣಿ ಹಿಂದಿನ ಗುಡ್ಡೆಯಿಂದ. ಯಾಕೆ?" ಅಂದರು ತಾತ.

"ಯಾಕೆ ಅಂತ ಕೇಳ್ತೀರಲ್ಲಾ! ಅದು ಪಾದರಸ ಹಾಕಿ ಚಿನ್ನ ತೆಗೆದ ಪುಡಿ. ಅದರಲ್ಲಿ ಈ ಪ್ರಾಣಿ ಹೊರಳಿ ಮೂಗು, ಕಣ್ಣು, ಬಾಯಿಗೆಲ್ಲ ತುಂಬಿಸಿಕೊಂಡಿದೆ. ಈ ಹುಡುಗಿ ತೋಳಿನ ಮೇಲೂ ಅದೇ ಪುಡಿ!"

ಯಾಸ್ನಾ ಮಗಳನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ನಿಲ್ಲಿಸಿದಳು. ಆಮೇಲೆ ಆರೋಗ್ಯ ಕೇಂದ್ರದಲ್ಲಿ ತೋರಿಸಿದರು, ಪುಣ್ಯಕ್ಕೆ ಹುಡುಗಿಗೆ ಏನೂ ಆಗಿರಲಿಲ್ಲ. ನಮ್ಮೂರಿನ ಪಶುವೈದ್ಯರಿಗೆ ಫೋನ್ ಮಾಡಿದೆ. ಆಡು, ಕುದುರೆ, ನಾಯಿ ಆದರೆ ನೋಡ್ತೀನಿ, ಇದು ನನಗೆ ಬಾರದು ಅಂದರು. ಬಲ್ಲವರು ಇರುವುದು ಲಾ ಸೆರೇನಾದಲ್ಲಿ, ನಾಲ್ಕು ಗಂಟೆ ದಾರಿ. ಆ ಬಿಸಿಲಿನಲ್ಲಿ, ಆ ಬಸ್ಸಿನಲ್ಲಿ. ನಾವು ರಟ್ಟಿನ ಪೆಟ್ಟಿಗೆ ಹುಡುಕುತ್ತಿರುವಾಗಲೇ ಪೆಲೂಸಾ ಎರಡು ಸಲ ಕಾಲು ಝಾಡಿಸಿ ಸುಮ್ಮನಾಯಿತು. ಮನೆಗೆ ಬಂದು ಮೂವತ್ತೊಂದು ದಿನವಾಗಿತ್ತು.

ಮಿಯರಾಯ್ ಅಳಲಿಲ್ಲ. "ನಾನು ಎಳೆದಿದ್ದಕ್ಕಾ?" ಎಂದು ಕೇಳಿದಳು, ಅಷ್ಟೆ.

ನಾಲ್ಕನೇ ದಿನ ಸಂಜೆ ಚಹಾಕ್ಕೆ ಕರೆದಿದ್ದರು. ಬ್ರೆಡ್ಡು, ಆಡಿನ ಹಾಲಿನ ಚೀಸು ಮೇಜಿನ ಮೇಲಿದ್ದವು, ಯಾರೂ ಮುಟ್ಟುತ್ತಿರಲಿಲ್ಲ. ತಾತ ಚಹಾದ ಲೋಟ ಪಕ್ಕಕ್ಕೆ ಸರಿಸಿದರು.

"ಒವಾಯೆಯವನ ಹತ್ತಿರ ಮಾತಾಡಿದೀನಿ. ಇನ್ನೊಂದು ಇದೆಯಂತೆ. ನಾಳೆ ಬೆಳಿಗ್ಗೆ ಹೋಗಿ ತರ್ತೀನಿ. ಹುಡುಗಿ ಊಟ ಬಿಟ್ಟಿದಾಳೆ, ನನ್ನಿಂದ ನೋಡೋಕಾಗಲ್ಲ."

"ಬೇಡಪ್ಪಾ," ಅಂದಳು ಯಾಸ್ನಾ, ಮೆಲ್ಲಗೆ.

"ಸುಮ್ನಿರೇ. ಧೂಳಿನ ತಪ್ಪು ನಂದು, ಒಪ್ಕೊಂಡೆ. ಈ ಸಲ ಅಂಗಡಿ ಧೂಳೇ ತರ್ತೀನಿ. ಇದು ನಮ್ಮ ಬೆಟ್ಟದ ಪ್ರಾಣಿ, ನಮ್ಮ ಅಪ್ಪ—"

ನನಗೆ ತಡೆಯಲಾಗಲಿಲ್ಲ. "ನಿಮ್ಮ ಅಪ್ಪನಿಗೆ ಗೊತ್ತಿದ್ದದ್ದು ಸತ್ತ ಚಿಂಚಿಲ್ಲಾ, ತಾತ. ಚರ್ಮ ಸುಲಿಯೋಕೆ ಬಂದ್ರೆ ಸಾಕೋಕೆ ಬಂದ ಹಾಗೇನಾ? ಅಂಥೋರು ಹಿಡಿದೂ ಹಿಡಿದೂ ಬೆಟ್ಟವೇ ಬರಿದಾಯ್ತು."

ಹಿರಿಯರ ಮುಂದೆ ಹಾಗೆ ಮಾತಾಡಬಾರದಿತ್ತು. ಆಡಿಬಿಟ್ಟಿದ್ದೆ. ತಾತನ ಮುಖ ಕಪ್ಪಿಟ್ಟಿತು. ನಾನು ಎದ್ದು ಮನೆಗೆ ಹೋಗಿ, ಲಸಿಕೆ ಪೆಟ್ಟಿಗೆಯಲ್ಲಿಡುವ ಉಷ್ಣಮಾಪಕ ತಂದು, ಪಂಜರವಿದ್ದ ಕಪಾಟಿನ ಮೇಲಿಟ್ಟೆ. ಚಹಾ ಆರುವಷ್ಟರಲ್ಲಿ ಮೂವತ್ತಮೂರು ಡಿಗ್ರಿ ತೋರಿಸಿತು. ಅದೂ ಸಂಜೆ ಆರು ಗಂಟೆಗೆ.

"ಧೂಳೊಂದೇ ಅಲ್ಲ, ಈ ಸೆಕೆಯೂ ಅದನ್ನ ಕೊಂದಿದ್ದು. ಇಪ್ಪತ್ತೈದು ದಾಟಿದ್ರೆ ಅದಕ್ಕೆ ಅಪಾಯ, ತಾತ. ಬೆಟ್ಟದಲ್ಲೂ ಬಿಸಿಲಿದೆ, ಇಲ್ಲಾ ಅನ್ನಲ್ಲ. ಆದರೆ ಅಲ್ಲಿ ಅದು ಹಗಲೆಲ್ಲ ಬಂಡೆಯೊಳಗಿನ ತಂಪಲ್ಲಿರುತ್ತೆ, ಕತ್ತಲಾದ ಮೇಲೆ ಹೊರಗೆ ಬರುತ್ತೆ. ಇಲ್ಲಿ ಬಂಡೆ ಎಲ್ಲಿದೆ? ಈ ತಗಡಿನ ಕೆಳಗೆ ನಾವೇ ಬೇಯ್ತೀವಿ."

"ಫ್ಯಾನ್ ಹಾಕಿದ್ರೆ?" ತಾತ ಇನ್ನೂ ಬಿಡಲಿಲ್ಲ.

"ಅದಕ್ಕೆ ಬೆವರೇ ಬರಲ್ಲ, ಫ್ಯಾನ್ ಏನು ಮಾಡುತ್ತೆ? ರೂಮು ತಂಪು ಮಾಡೋ ಯಂತ್ರ ಬೇಕು, ಬೇಸಿಗೆ ಪೂರ್ತಿ. ದಿನಾ ಒಣಹುಲ್ಲು ಬೇಕು. ರಾತ್ರಿ ಎಲ್ಲ ಅದು ಕುಣಿಯುತ್ತೆ, ಬೆಳಿಗ್ಗೆ ಆರಕ್ಕೆ ಯಾಸ್ನಾ ಕೆಲಸಕ್ಕೆ ಏಳ್ಬೇಕು. ಚೆನ್ನಾಗಿ ನೋಡ್ಕೊಂಡ್ರೆ ಹದಿನೈದು, ಇಪ್ಪತ್ತು ವರ್ಷ ಬದುಕುತ್ತೆ. ಯಾರು ನೋಡ್ಕೋತೀರಿ?"

"ನಾನಿದೀನಲ್ಲಾ," ಅಂದರು ತಾತ. "ನಾನೇ ನೋಡ್ಕೋತೀನಿ."

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಮಿಯರಾಯ್ ಬೆರಳು ಮಡಚಿ ಎಣಿಸುತ್ತಿದ್ದಳು.

"ಇಪ್ಪತ್ತು ವರ್ಷ ಅಂದ್ರೆ ನನಗೆ ಇಪ್ಪತ್ತೊಂಬತ್ತು," ಅಂದಳು. "ಅಷ್ಟು ವರ್ಷ ನೀನು ಇರಲ್ಲ ತಾತ."

ಯಾಸ್ನಾ ಮಗಳ ಬಾಯಿ ಮುಚ್ಚಲು ಕೈ ಎತ್ತಿದಳು, ತಾತ ತಡೆದರು. ಮೊಮ್ಮಗಳು ಅವರ ತೋಳು ಹಿಡಿದುಕೊಂಡಳು.

"ನೀನು ಸತ್ತಾಗಲೇ ಅದೂ ಸತ್ರೆ ಒಂದೇ ಸಲಕ್ಕೆ ಎರಡು ಆಗುತ್ತೆ. ನನಗೆ ಬೇಡ. ತರಬೇಡ ತಾತ."

ಆಗ ಅತ್ತಳು, ನಾಲ್ಕು ದಿನದ ಅಳು. ತಾತ ಅವಳ ತಲೆ ಸವರಿದರು. ಆಮೇಲೆ ಫೋನ್ ಕೈಗೆತ್ತಿಕೊಂಡರು. "ನಾಳೆ ಬರಲ್ಲ ಕಣಯ್ಯಾ. ಬೇರೆ ಯಾರಿಗಾದ್ರೂ ಕೊಡು. ಅವರ ಮನೆ ತಂಪಾಗಿದೆಯಾ ಅಂತ ಕೇಳಿ ಕೊಡು," ಅಂದರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರು ನಾವು. ನಿಮಗೆ ಇನ್ನೂ ಸಮಯವಿದೆ. ಚಿಂಚಿಲ್ಲಾ ಸಾಕಲೇಬೇಡಿ ಎಂದು ನಾನು ಹೇಳುತ್ತಿಲ್ಲ. ತಂಪಾದ ಕೋಣೆ, ಬಲ್ಲ ವೈದ್ಯರು, ಇಪ್ಪತ್ತು ವರ್ಷದ ತಾಳ್ಮೆ ಇರುವ ದೊಡ್ಡವರೊಬ್ಬರು ಮನೆಯಲ್ಲಿದ್ದರೆ ಧಾರಾಳವಾಗಿ ಸಾಕಿ. ಮಗುವಿನ ಹೆಸರಿನಲ್ಲಿ ತಂದರೂ ಹೊಣೆ ನಿಮ್ಮದೇ, ಮಗುವಿನದಲ್ಲ. ಪಕ್ಕದ ಮನೆಯವರು ಕೇಳಿದರೆ ನನ್ನ ಹಾಗೆ ಬೇಲಿಯ ಮೇಲಿಂದ ಉತ್ತರ ಕೊಡಬೇಡಿ. ಕೂರಿಸಿಕೊಂಡು ಹೇಳಿ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ನಡುಬೇಸಿಗೆಯ ಜನವರಿಯಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಪಂಜರ ಇಡಬೇಕೆಂದಿರುವ ಜಾಗದಲ್ಲಿ, ಇರುವುದರಲ್ಲೇ ದಪ್ಪನೆಯ ಉಣ್ಣೆಯ ಹೊದಿಕೆ ಹೊದ್ದುಕೊಂಡು ಒಂದು ಗಂಟೆ ಕೂತುಕೊಳ್ಳಿ. ಆಗದಿದ್ದರೆ ನೀವು ಹೊದಿಕೆ ಬಿಸಾಡಿ, ಬಾಗಿಲು ತೆರೆದು ಹೊರಗೆ ಹೋಗಬಹುದು. ಆ ದಟ್ಟ ಕೂದಲು ಹೊದ್ದ ಚಿಂಚಿಲ್ಲಾಕ್ಕೆ ಎರಡೂ ಆಗುವುದಿಲ್ಲ. ನಿಮಗೇ ಕೂರಲಾಗದ ಜಾಗಕ್ಕೆ ದಯವಿಟ್ಟು ಅದನ್ನು ತರಬೇಡಿ.