ಜೋಗುಳದ ಬೆನ್ನಿಗಿದ್ದ ಪದ

ಮಡೆಪ್ಪ ಎರಡನೆಯ ನುಡಿಗೆ ಬಂದವನು ಅಲ್ಲೇ ನಿಂತ. ಬೆರಳು ಮಾತ್ರ ಏಕತಾರಿಯ ಮೇಲೆ ಆಡುತ್ತಿತ್ತು. ಪಡಸಾಲೆಯಲ್ಲಿ ಕುಳಿತವರು ತಲೆ ತಗ್ಗಿಸಿ ಕಾದರು. ಅವನು ಮತ್ತೆ ಮೊದಲಿನಿಂದ ಎತ್ತಿಕೊಂಡ.

"ತೆರಿ ಮಣ್ಣೆ ಬಾಗಿಲ, ಬಂದಾಳ ಮನಿಮಗಳು..."

ಗಾಡಿಯ ಗಾಲಿ ಕಲ್ಲಿಗೆ ಸಿಕ್ಕಿಕೊಂಡಂತೆ ದನಿ ಮತ್ತೆ ಅದೇ ಜಾಗದಲ್ಲಿ ಸಿಕ್ಕಿಕೊಂಡಿತು.

"ಮುಂದ ಬರವಲ್ದು," ಎಂದು ಏಕತಾರಿ ಕೆಳಗಿಟ್ಟ. "ಇಷ್ಟು ವರ್ಷ ಆಕಿ ಹಿಂದ ಕುಂತು ದನಿ ಹಚ್ಚೇನಿ. ಮುಂದ ನಿಂತು ಹಾಡಿದಾಂವ ಅಲ್ಲ ನಾ."

ಗೋಡೆಗೆ ಆನಿಸಿ ಕೂರಿಸಿದ್ದ ಭೀಮಬಾಯಿಯ ಕಳೇಬರದ ಹಣೆಯ ತುಂಬ ವಿಭೂತಿ ಇತ್ತು, ಎಡಗೈಯಲ್ಲಿ ಲಿಂಗವಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯ ತೊಗರಿ ಬಣ್ಣ ಹೋಗಿರಲಿಲ್ಲ. ಕಲ್ಯಾಣಿಯ ಅಡತಿ ಅಂಗಡಿಗಳಲ್ಲಿ ತೊಗರಿ ಕೇರಿ, ಚೀಲ ಹೊಲಿದು ಬದುಕಿದ ಕೈ ಅದು. ಬಸವಕಲ್ಯಾಣಕ್ಕೆ ಆಗಿನ್ನೂ ಕಲ್ಯಾಣಿ ಎಂದೇ ಹೆಸರು. ನಲವತ್ತನಾಲ್ಕನೆಯ ಇಸವಿ, ಯುದ್ಧದ ಕಾಲ.

ನಿರ್ಣಾ ಎಂಬ ಊರಿನ ಗುರು ಅಜ್ಜ ಕಟ್ಟಿದ ಪದಗಳಿಗೆ ಆ ಸೀಮೆಯಲ್ಲಿ ಶಿಷ್ಯಮಕ್ಕಳು ಬಹಳ ಇದ್ದರು. ಎಲ್ಲ ಪದಗಳನ್ನೂ ಎಲ್ಲರೂ ಹಾಡಬಹುದಿತ್ತು, ಮಣ್ಣಿನ ಪದವೊಂದನ್ನು ಬಿಟ್ಟು. ಭೈರವಿಯಲ್ಲಿ ಕಟ್ಟಿದ ಆ ಪದವನ್ನು ಶಿಷ್ಯರಲ್ಲಿ ಯಾರಾದರೂ ತೀರಿಕೊಂಡಾಗ, ಸಮಾಧಿಗೆ ಮಣ್ಣು ಕೊಡುವ ಹೊತ್ತಿಗೆ, ಅಜ್ಜ ಯಾರಿಗೆ ಕೊಟ್ಟಿದ್ದನೋ ಅವರೇ ಹಾಡಬೇಕು. ಮನೆಯಲ್ಲಿ ಗುನುಗಬಾರದು, ಗುನುಗಿದರೆ ಮನೆಗೇ ಮಣ್ಣು ಬರುತ್ತದೆ ಎಂಬ ಹೆದರಿಕೆ. ಅಜ್ಜ ಅದನ್ನು ಭೀಮಬಾಯಿಗೆ ಕೊಟ್ಟು ತೀರಿಕೊಂಡಿದ್ದ. ಸುತ್ತಲ ಊರುಗಳವರನ್ನೆಲ್ಲ ಅವಳು ಹಾಡಿ ಕಳಿಸಿಕೊಟ್ಟಿದ್ದಳು. ಈಗ ಅವಳನ್ನು ಕಳಿಸಿಕೊಡುವವರು ಯಾರೂ ಉಳಿದಿರಲಿಲ್ಲ.

"ಬಾಯಿಲೆ ಶಿವನಾಮ ಅಂದ್ರ ಆತು, ಏಳ್ರಿ," ಎಂದ ಭೀಮಬಾಯಿಯ ಮೈದುನ ಅಮೋಘಸಿದ್ದಪ್ಪ. "ಪದ ಇಲ್ಲಂತ ಹೆಣ ಇಟ್ಕೊಂಡು ಕೂಡಾಕ ಬರ್ತದೇನು?"

ಅಲ್ಲಿಯವರೆಗೆ ತಾಯಿಯ ಪಕ್ಕದಿಂದ ಕದಲದಿದ್ದ ಧೂಳಮ್ಮ ತಲೆ ಎತ್ತಿದಳು.

"ಪ್ಲೇಟಿನ್ಯಾಗ ಅದ," ಎಂದಳು.

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಭೀಮಬಾಯಿ ಹಾಡಿದ ಆ ಗ್ರಾಮಫೋನ್ ಪ್ಲೇಟಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಧೂಳಮ್ಮನ ಬಾಯಿಂದಲೇ ಅದು ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

"ಹುಮನಾಬಾದದ ಲಾಲ್ ಅಹ್ಮದ್ ಚಾಚಾನ ಅಂಗಡ್ಯಾಗ ಒಂದರೆ ಇದ್ದೀತು." ಅವಳು ಗಂಡನ ಕಡೆ ತಿರುಗಿದಳು. "ಬಸ್ಸು ಇನ್ನಾ ಬಿಟ್ಟಿರಂಗಿಲ್ಲ. ಹೋಗ್ತೀರೇನು?"

ವೈಜನಾಥ ರುಮಾಲು ಸುತ್ತಿಕೊಂಡು ಎದ್ದ.

"ಹೊತ್ತು ಮುಣಗೂದ್ರಾಗ ಮಣ್ಣ ಆಗಬೇಕು," ಎಂದ ಅಮೋಘಸಿದ್ದಪ್ಪ. "ಆಮ್ಯಾಲ ನಾ ಕಾಯಂಗಿಲ್ಲ, ಹೇಳೇನಿ."

"ಕಾಯಬ್ಯಾಡ ಕಾಕಾ. ಹೊತ್ತು ಮುಣಗೂತನಾ ಕಾಯಿ, ಸಾಕು."

ಮೂರು ದಿನದ ಹಿಂದೆ ಧೂಳಮ್ಮ ಗಂಜಿ ಕುಡಿಸುವಾಗ ತಾಯಿ ಕೇಳಿದ್ದಳು: "ಎಲ್ಲಾರಿಗೂ ನಾ ಹಾಡ್ದೆ. ನನಗ್ಯಾರು ಹಾಡ್ತಾರ, ಧೂಳವ್ವಾ?" ನಗುತ್ತಲೇ ಕೇಳಿದ್ದಳು. ಧೂಳಮ್ಮ ಬಟ್ಟಲು ತೊಳೆಯುವ ನೆಪದಲ್ಲಿ ಎದ್ದು ಹೋಗಿದ್ದಳು.

*

ಹಿಂದೆ, ತೊಗರಿ ಗಾಡಿಗಳ ಜೊತೆ ಹುಮನಾಬಾದಿಗೆ ಹೋದಾಗಲೆಲ್ಲ ಭೀಮಬಾಯಿ ಲಾಲ್ ಅಹ್ಮದನ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಗಡಿಯಾರ ರಿಪೇರಿ ಒಂದು ಕಡೆ, ಗ್ರಾಮಫೋನ್ ಪ್ಲೇಟುಗಳ ಮಾರಾಟ ಇನ್ನೊಂದು ಕಡೆ. ಪ್ಲೇಟುಗಳ ಗೂಡು ಸೂರಿನವರೆಗೂ ಇತ್ತು.

"ನಮ್ಮ ಅಜ್ಜಂದು ಬಂದಾವೇನ್ರಿ?"

"ಬೊಂಬೈ ನಾಟಕದ ಪದ ಬೇಕಾ? ಅಲ್ಲಿ ನೋಡು, ಇಡಾಕ ಜಾಗಾ ಇಲ್ಲ. ದೊಡ್ಡ ದೊಡ್ಡ ಉಸ್ತಾದರ ಖ್ಯಾಲ್ ಬೇಕಾ? ಅವ. ಒಬ್ಬ ಸಂತರ ಒಂದ ಪದಾನ ನಾಕು ಮಂದಿ ಹಾಡ್ಯಾರ, ನಾಕೂ ಅವ."

"ನಮ್ಮ ಅಜ್ಜಂದು?"

"ಯವ್ವಾ, ಹಾಡಿದವರ ಹೆಸರು ಹೇಳು, ಕೊಡ್ತೀನಿ. ಕಟ್ಟಿದವರ ಹೆಸರು ಹೇಳಿದ್ರ ಎಲ್ಲಿ ಹುಡುಕಲಿ? ಕಂಪನಿಯವರಿಗೆ ಅಂಥವರು ಹುಟ್ಟಿದ್ದೇ ಗೊತ್ತಿಲ್ಲ."

ಭೀಮಬಾಯಿ ಗೂಡನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಇಷ್ಟು ಮಂದಿ ನಡುವ ನಮ್ಮ ಮುದುಕನಿಗೆ ಒಂದು ಗೇಣು ಜಾಗಾ ಆಗವಲ್ದು ನೋಡ್ರಿ," ಎಂದು ಎದ್ದು ಹೋಗುತ್ತಿದ್ದಳು.

ಒಂದು ವರ್ಷ ಹೈದರಾಬಾದಿಗೆ ಕಂಪನಿಯವರು ಯಂತ್ರ ತಂದು, ಹೊಸ ಕಂಠ ಇದ್ದರೆ ಕರೆತನ್ನಿ ಎಂದು ಅಂಗಡಿಯವರಿಗೆ ಹೇಳಿ ಕಳಿಸಿದರು. ಲಾಲ್ ಅಹ್ಮದ್ ಭೀಮಬಾಯಿಯನ್ನೂ ಮಡೆಪ್ಪನನ್ನೂ ಕರೆದುಕೊಂಡು ಹೋದ. ಎರಡು ಮಗ್ಗುಲಿಗೆ ಎರಡು ಪದ ಬೇಕೆಂದರು. ಮೊದಲು ಅಜ್ಜನ ಜೋಗುಳ ಹಾಡಿದಳು. ಎರಡನೆಯದಕ್ಕೆ ಅವಳು ಮಣ್ಣಿನ ಪದ ಎತ್ತಿಕೊಂಡಾಗ ಮಡೆಪ್ಪ ಏಕತಾರಿಯ ತಂತಿಯನ್ನು ಒತ್ತಿ ನಿಲ್ಲಿಸಿದ.

"ಭೀಮವ್ವಾ, ಬ್ಯಾಡ."

"ನನ್ನ ಹಿಂದ ಯಾರಿದಾರ ಮಡೆಪ್ಪಾ? ಈ ಪ್ಲೇಟಿನ್ಯಾಗ ಕುಂತಿರಲಿ. ಬೇಕಾದವರು ಬಂದು ತಗೋತಾರ."

ಈ ಪದವನ್ನು ಬೇರೆ ಪ್ಲೇಟಿಗೆ ಹಾಕಿರಿ, ಜೋಗುಳದ ಜೊತೆ ಬೇಡ ಎಂದು ಅವಳು ಕೈ ಮುಗಿದು ಹೇಳಿದಳು. ಕಂಪನಿಯವನಿಗೆ ಕನ್ನಡ ಬಾರದು. ಲಾಲ್ ಅಹ್ಮದ್ ಉರ್ದುವಿನಲ್ಲಿ ತಿಳಿಸಿದ. ಅವನು ನಕ್ಕ. ಎರಡೂ ನಿಧಾನ, ಎರಡೂ ಇಂಪು, ಇದಕ್ಕಿಂತ ಚಂದದ ಜೋಡಿ ಎಲ್ಲಿ ಸಿಗುತ್ತದೆ ಎಂದ.

ಪ್ಲೇಟುಗಳು ಬಂದಾಗ ಜೋಗುಳದ ಬೆನ್ನಿಗೇ ಮಣ್ಣಿನ ಪದ ಇತ್ತು. ಚೀಟಿಯ ಮೇಲೆ ಅವಳ ಹೆಸರಿತ್ತು. ಅಜ್ಜನ ಹೆಸರು ಇರಲಿಲ್ಲ.

*

ಮಧ್ಯಾಹ್ನ ತಿರುಗಿತು. ಕುಣಿ ಅಗೆಯಲು ಹೋದವರು ಬಂದು ಕೈಕಾಲು ತೊಳೆದುಕೊಂಡರು.

"ಎಲ್ಲಿ ಅಗದ್ರಿ?" ಎಂದು ಧೂಳಮ್ಮ ಕೇಳಿದಳು.

"ಬೇವಿನ ಗಿಡದ ಬಾಜೂಕ. ನಿನ್ನ ಕೂಸಿನ..." ಎನ್ನುತ್ತಿದ್ದವನು ತಡೆದು, "ಅಲ್ಲೇ, ಬೇವಿನ ಗಿಡದ ಬಾಜೂಕ," ಎಂದ.

ನೆರೆಯ ಕಮಳಾಬಾಯಿ ಅವಳ ಮುಂದೆ ಚಹಾದ ಬಟ್ಟಲು ಇಟ್ಟಳು. "ಒಂದು ಗುಟುಕು ಕುಡಿ ಯವ್ವಾ. ಪೆಟ್ರೋಲ್ ಸಿಗವಲ್ದಂತ ಇದ್ದಿಲ ಗ್ಯಾಸಿನ ಮ್ಯಾಲ ಓಡೂ ಬಸ್ಸು ಅದು, ದಿಬ್ಬಕ್ಕೊಮ್ಮೆ ನಿಂತು ಕೆಮ್ಮತದ. ಮಂದೀನ ಇಳದು ನೂಕತಾರಂತ."

"ಕಮಳಕ್ಕಾ, ಚಾಚಾನ ಹತ್ರ ಇರ್ತದಂತಿ?"

ಕಮಳಾಬಾಯಿ ಬಟ್ಟಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದಳು. ಊರಿಗೆ ಗೊತ್ತಿದ್ದ ಸಂಗತಿ ಅದು. ಯುದ್ಧ ಶುರುವಾದ ಮೇಲೆ ಪ್ಲೇಟು ಮಾಡುವ ಅರಗಿಗೆ ಬರ ಬಂದು, ಹಳೆ ಪ್ಲೇಟು ಕೊಟ್ಟರೆ ಮಾತ್ರ ಕಂಪನಿಯವರು ಹೊಸದು ಕೊಡುತ್ತಿದ್ದರು. ಹಳೆಯವನ್ನು ಒಯ್ದು ಕರಗಿಸುತ್ತಿದ್ದರು. ಸಿನಿಮಾ ಹಾಡಿಗಾಗಿ ಜನ ಮೊದಲು ತೆಗೆದು ಕೊಟ್ಟದ್ದು ಯಾರೂ ಕೇಳದ ಪ್ಲೇಟುಗಳನ್ನೇ.

*

ಪ್ಲೇಟುಗಳು ಬಂದ ಹೊಸತರಲ್ಲಿ, ಧೂಳಮ್ಮನ ಕೂಸಿಗೆ ಹೆಸರಿಡುವ ದಿನ ಭೀಮಬಾಯಿ ಲಾಲ್ ಅಹ್ಮದನಿಂದ ಗ್ರಾಮಫೋನು ಕೇಳಿ ತಂದಿದ್ದಳು. ತನ್ನ ಪಾಲಿಗೆಂದು ಕಂಪನಿ ಕೊಟ್ಟ ಪ್ಲೇಟನ್ನು ಸೆರಗಿನಲ್ಲಿ ಒರೆಸಿ ಹಚ್ಚಿದಳು. ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ಪೆಟ್ಟಿಗೆಯೊಳಗಿನಿಂದ ಭೀಮಬಾಯಿ ಹಾಡಿದಳು, ಪೆಟ್ಟಿಗೆಯ ಪಕ್ಕದಲ್ಲಿ ಭೀಮಬಾಯಿ ನಾಚಿಕೊಂಡು ಕುಳಿತಿದ್ದಳು. ಅಜ್ಜಿಯ ದನಿ ಕೇಳಿ ಕೂಸು ತೊಟ್ಟಿಲಲ್ಲಿ ಕಾಲು ಬಡಿಯಿತು.

ಊಟಕ್ಕೆ ಎಲೆ ಹಾಕುವ ಗದ್ದಲದಲ್ಲಿ ಯಾರೋ ಪ್ಲೇಟನ್ನು ಮಗುಚಿ ಹಚ್ಚಿದರು. ತೊಟ್ಟಿಲ ಮುಂದೆ ಮಣ್ಣಿನ ಪದ ಏಳತೊಡಗಿತು. ಹಿರಿಯ ಹೆಂಗಸರು ಚೀರಿಕೊಂಡು ಓಡಿ ಬಂದರು.

ಮಳೆಗಾಲ ಮುಗಿಯುವುದರೊಳಗೆ ಕೂಸು ಜ್ವರ ಬಂದು ತೀರಿಕೊಂಡಿತು.

ಬೇವಿನ ಗಿಡದ ಕೆಳಗೆ ಕೂಸನ್ನು ಇಳಿಸುವಾಗ ಭೀಮಬಾಯಿ ಮುಂದೆ ಬಂದು ಕೈ ಜೋಡಿಸಿ ದನಿ ತೆಗೆಯಲು ನಿಂತಳು. ಧೂಳಮ್ಮ ಅವಳನ್ನು ನೂಕಿದಳು.

"ನಿನ್ನ ಬಾಯಾಗ ಮಣ್ಣು ಬೀಳ್ಲಿ. ಒಮ್ಮೆ ಹಾಡಿದ್ದು ಸಾಲಲಿಲ್ಲೇನು?"

ಕೂಸಿಗೆ ಯಾವ ಪದವೂ ಇಲ್ಲದೆ ಮಣ್ಣಾಯಿತು. ಮನೆಗೆ ಬಂದವಳೇ ಧೂಳಮ್ಮ ಚೀಲ ಹೊಲಿಯುವ ದಬ್ಬಣ ತೆಗೆದುಕೊಂಡು, ಪ್ಲೇಟನ್ನು ತೊಡೆಯ ಮೇಲಿಟ್ಟು, ಮಣ್ಣಿನ ಪದದ ಮಗ್ಗುಲಿಗೆ ಅಂಚಿನಿಂದ ಅಂಚಿಗೆ ಗೀರಿದಳು. ಮತ್ತೆ ಗೀರಿದಳು. ಭೀಮಬಾಯಿ ಕೈ ಹಿಡಿಯಲಿಲ್ಲ. ಬೆಳಿಗ್ಗೆ ಎದ್ದಾಗ ಪ್ಲೇಟು ಮನೆಯಲ್ಲಿ ಇರಲಿಲ್ಲ. ಅವ್ವ ಬಾವಿಗೆ ಒಗೆದಿರಬೇಕೆಂದು ಧೂಳಮ್ಮ ತಿಳಿದಳು, ಕೇಳಲಿಲ್ಲ. ಸುದ್ದಿ ಹಬ್ಬಿ ಹುಮನಾಬಾದ, ಚಿಟಗುಪ್ಪದ ಜನ ಕೊಂಡ ಪ್ಲೇಟುಗಳನ್ನು ತಿರುಗಿ ತಂದು ಅಂಗಡಿಯ ಮೆಟ್ಟಿಲ ಮೇಲಿಟ್ಟು ಹೋದರು. ಧೂಳಮ್ಮನ ಮನೆಯ ತೊಟ್ಟಿಲು ಮತ್ತೆ ಕೆಳಗಿಳಿಯಲಿಲ್ಲ, ಅಟ್ಟದಲ್ಲೇ ಉಳಿಯಿತು. ಭೀಮಬಾಯಿ ಮಣ್ಣಿಗೆ ಹೋದಲ್ಲಿ ಹಾಡುತ್ತಿದ್ದಳು. ಮನೆಯಲ್ಲಿ ಅವಳ ದನಿ ಒಲೆ ಊದುವಷ್ಟಕ್ಕೇ ನಿಂತಿತು.

*

ಬಿಸಿಲು ಹಳದಿಯಾಗುವ ಹೊತ್ತಿಗೆ ವೈಜನಾಥ ಬಂದ. ತಲೆಯ ಮೇಲೆ ಫೋನಿನ ಪೆಟ್ಟಿಗೆ. ಹಿಂದೆ ಲಾಲ್ ಅಹ್ಮದ್, ಎದೆಗೆ ಬಟ್ಟೆಯ ಗಂಟು ಅವಚಿಕೊಂಡಿದ್ದ. ಬಸ್ಸಿನ ಮಸಿ ಅವನ ಬಿಳಿ ಗಡ್ಡಕ್ಕೆ ಹತ್ತಿತ್ತು. ಭೀಮಬಾಯಿಯ ಮುಂದೆ ಒಂದು ಗಳಿಗೆ ತಲೆ ಬಾಗಿ ನಿಂತ.

"ಇತ್ತೇನು ಚಾಚಾ?"

"ಉಳಿದವು ಎಲ್ಲಾ ಕಂಪನಿಗಿ ಹೋದ್ವು ಬೇಟಿ. ಹೊಟ್ಟಿ ಕೇಳಬೇಕಲ್ಲ. ಇದೊಂದ ನಂದಲ್ಲಂತ ಇಟ್ಟಿದ್ದೆ." ಅವನು ಗಂಟು ಬಿಚ್ಚತೊಡಗಿದ. "ನಿಮ್ಮವ್ವ ತಂದು ಕೊಟ್ಟಾಕಿ. ಮಗಳು ಕೇಳಿದ್ರ ಕೊಡ್ರಿ, ಕೇಳದಿದ್ರ ಇರಲಿ, ಅಂದಿದ್ಲು. ಹುಮನಾಬಾದಕ ಬಂದಾಗೆಲ್ಲಾ ಒಮ್ಮೆ ನೋಡಿ ಹೋಗ್ತಿದ್ಲು. ಹಚ್ಚಂತ ಮಾತ್ರ ಅನಲಿಲ್ಲ."

ಬಟ್ಟೆ ಸರಿಯಿತು. ಕರಿಯ ಪ್ಲೇಟಿನ ಮೇಲೆ ಅಂಚಿನಿಂದ ಅಂಚಿಗೆ ಬಿಳಿಯ ಗೀರುಗಳಿದ್ದವು.

ಧೂಳಮ್ಮ ಅದನ್ನು ಮುಟ್ಟಲಿಲ್ಲ.

"ಒಂದು ಮಗ್ಗಲಾ ಖರಾಬ್ ಆಗ್ಯಾದ," ಎಂದ ಲಾಲ್ ಅಹ್ಮದ್ ಮೆಲ್ಲಗೆ. "ಅಳಿಯಂದ್ರಿಗೂ ಹೇಳ್ದೆ. ಆದರೂ ತರ್ರಿ ಅಂದ್ರು."

"ಹಚ್ಚಿ ನೋಡ್ರಿ," ಎಂದಳು ಧೂಳಮ್ಮ.

ಅವನು ಚಾವಿ ಕೊಟ್ಟು, ಹೊಸ ಮುಳ್ಳು ಹಾಕಿ ಇಳಿಸಿದ. ಗೊರಗೊರ ಸದ್ದಿನೊಳಗಿಂದ ಭೀಮಬಾಯಿ ಎದ್ದಳು. "ತೆರಿ ಮಣ್ಣೆ..." ಟಕ್. "ತೆರಿ ಮಣ್ಣೆ..." ಟಕ್. ಮುಳ್ಳು ಹಾರಿ ನಡುವೆ ಬಿದ್ದು, ಅಲ್ಲಿಂದಲೂ ಹಾರಿತು. ಮಡೆಪ್ಪ ಕಿವಿ ಮುಚ್ಚಿಕೊಂಡ. "ತಗೀರಿ ಅದನ್ನ. ಆಕಿಗಿ ಹಿಂಸಾ ಕೊಟ್ಟಾಂಗ ಆಗ್ತದ."

ಅಮೋಘಸಿದ್ದಪ್ಪ ಎದ್ದು ನಿಂತ. "ಆತಲ್ಲ? ಇನ್ನ ಎತ್ರಿ."

"ಈ ಮಗ್ಗಲಾ ಚಲೋ ಅದ," ಎಂದ ಲಾಲ್ ಅಹ್ಮದ್, ಪ್ಲೇಟನ್ನು ತಿರುವಿ ನೋಡುತ್ತ. ಅಂದವನು, ಅದು ಜೋಗುಳದ ಮಗ್ಗುಲೆಂದು ನೆನಪಾಗಿ ಪ್ಲೇಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ.

ಧೂಳಮ್ಮ ಕಣ್ಣು ಒರೆಸಿಕೊಂಡಳು. "ಕುಣಿ ಕಡಿಗಿ ಫೋನು ತಗೊಂಡು ಬರ್ರಿ ಚಾಚಾ. ಅದನ್ನೇ ಹಚ್ರಿ."

"ಹೆಣದ ಮುಂದ ಜೋಗುಳಾ?" ಕಮಳಾಬಾಯಿ ಬಾಯಿಗೆ ಸೆರಗು ಹಿಡಿದಳು. ಕಂಕುಳಲ್ಲಿ ಕೂಸಿದ್ದವರು ಬಾಗಿಲ ಕಡೆಗೆ ಸರಿದರು.

"ತಲಿ ಕೆಟ್ಟದೇನು ನಿಂದು?" ಅಮೋಘಸಿದ್ದಪ್ಪನ ದನಿ ಏರಿತು. "ಮನ್ಯಾಗಿನ ಕೂಸುಗಳಿಗಿ ಹತ್ತತದ!"

"ನನ್ನ ಮನ್ಯಾಗ ಹತ್ತಾಕ ಯಾರದಾರ ಕಾಕಾ?"

ಕೂಸಿದ್ದ ಹೆಂಗಸರು ಮನೆಗೆ ಹೋದರು. ಅವರನ್ನು ಯಾರೂ ತಡೆಯಲಿಲ್ಲ. ಉಳಿದವರು ಕಳೇಬರವನ್ನು ಹೊತ್ತು ನಡೆದರು.

ಕುಣಿಯ ಗೂಡಿನಲ್ಲಿ ಭೀಮಬಾಯಿಯನ್ನು ಕೂರಿಸಿ, ಅಯ್ಯನವರು ವಿಧಿ ಮುಗಿಸಿ ಮೇಲೆ ಬಂದರು. ಪಕ್ಕದಲ್ಲೇ ಬೇವಿನ ಬುಡಕ್ಕೆ ಮಳೆಗೆ ಕುಗ್ಗಿ ನೆಲವೇ ಆಗಿದ್ದ ಪುಟ್ಟ ದಿಬ್ಬ ಇತ್ತು. ಎರಡರ ನಡುವೆ ಸಿಕ್ಕಿದ ಸಮ ಜಾಗದಲ್ಲಿ ಲಾಲ್ ಅಹ್ಮದ್ ಪೆಟ್ಟಿಗೆ ಇಟ್ಟು ಮುಳ್ಳು ಇಳಿಸಿದ.

"ಅಳಬ್ಯಾಡ ನನ ಕಂದ, ತೊಗರೀಯ ಹೊಲದಾಗ
ಇಳದಾನ ಚಂದ್ರಾಮ ಕಾವಲಿಗೆ..."

ಆ ಮಗ್ಗುಲನ್ನು ಒಂದೇ ಒಂದು ಸಲ ಹಚ್ಚಿದ್ದರು. ದನಿಗೆ ಒಂದು ಗೀರೂ ಇರಲಿಲ್ಲ. ಮಡೆಪ್ಪ ತನಗೆ ತಿಳಿಯದೆಯೇ ಏಕತಾರಿ ಎತ್ತಿಕೊಂಡು ಅದರ ಹಿಂದೆ ದನಿ ಹಚ್ಚಿದ. ಒಬ್ಬೊಬ್ಬರಾಗಿ ಬಂದು ಮಣ್ಣು ಕೊಟ್ಟರು. ಅಮೋಘಸಿದ್ದಪ್ಪ ಕೊನೆಗೆ ಬಂದ, ಕೊಟ್ಟು ಮುಖ ತಿರುಗಿಸಿ ನಿಂತ. ಸಲಿಕೆಯವರು ಕುಣಿ ಮುಚ್ಚುವವರೆಗೂ ಲಾಲ್ ಅಹ್ಮದ್ ಹಾಡನ್ನು ಮೊದಲಿನಿಂದ ಹಚ್ಚುತ್ತಲೇ ಇದ್ದ.

ಧೂಳಮ್ಮ ಹಸಿ ಮಣ್ಣಿನ ಪಕ್ಕ ಕುಳಿತಳು. ಒಂದು ಕೈ ಅದರ ಮೇಲಿಟ್ಟಳು, ಇನ್ನೊಂದು ಕೈ ಬೇವಿನ ಬುಡದ ಕಡೆ ಚಾಚಿದಳು. ಎರಡೂ ಕೈ ಮೆಲ್ಲಗೆ, ಹಾಡಿನ ತಾಳಕ್ಕೆ ತಟ್ಟತೊಡಗಿದವು.

ಹೊತ್ತು ಮುಳುಗಿತು. ಹಾಡು ಮುಗಿದು ಮುಳ್ಳು ಒಳಗಿನ ಬರಿ ಗೆರೆಯಲ್ಲಿ ಸುರ್ ಸುರ್ ಎಂದು ಸುತ್ತುತ್ತಿತ್ತು. ಹಾರೆ ಸಲಿಕೆ ಹೆಗಲಿಗೇರಿಸಿ ಜನ ಹೊರಟಿದ್ದರು. ಲಾಲ್ ಅಹ್ಮದ್ ಪೆಟ್ಟಿಗೆ ಮುಚ್ಚಲು ಕೈ ಚಾಚಿದ. ಧೂಳಮ್ಮನ ಕೈಗಳು ಇನ್ನೂ ತಟ್ಟುತ್ತಿದ್ದವು. ಅವನು ಮುಳ್ಳನ್ನು ಎತ್ತಿ ಅಂಚಿಗೆ ತಂದು, ಮತ್ತೆ ಚಾವಿ ಕೊಟ್ಟ.