ಹಳದಿ ಕವರಿನ ರೆಕಾರ್ಡು

ಬಟ್ಟೆ ಕಾರ್ಖಾನೆಯ ಹಾಲ್‌ನಲ್ಲಿ ಇನ್ನೂರ ನಲವತ್ತು ಹೊಲಿಗೆ ಮೆಷಿನ್ನುಗಳು ಒಟ್ಟಿಗೆ ಗಲಾಟೆ ಮಾಡುತ್ತಿರುವಾಗ, ಮೂಲೆಯ ಯಾವುದೋ ಒಂದರಲ್ಲಿ ಸ್ಕ್ರೂ ಸಡಿಲವಾಗಿದೆ ಎಂದು ಬಾಗಿಲಲ್ಲೇ ನಿಂತು ಹೇಳಬಲ್ಲವಳು ರಿಪೇರಿ ಅಕ್ಕ. ಹೆಸರು ಬೇರೆ ಇತ್ತು, ಆದರೆ ಸಂಬಳದ ದಿನ ಬಿಟ್ಟರೆ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳಿಗೆ ಅನ್ನ ಹಾಕಿದ್ದು ಕೈಗಿಂತ ಹೆಚ್ಚಾಗಿ ಕಿವಿ. ಆ ಕಿವಿಯೇ ಕೈಕೊಡುತ್ತಿದೆ ಎಂದು ಎರಡು ತಿಂಗಳಿಂದ ಅವಳು ಒಳಗೊಳಗೇ ಬೇಯುತ್ತಿದ್ದಳು.

ಇದನ್ನು ಮೊದಲು ಹೇಳಿದ್ದು ಮೆಷಿನ್ನುಗಳಲ್ಲ, ಜಾಜ್ ರೆಕಾರ್ಡುಗಳು. ಅಕ್ಕನಿಗೆ ಆ ಸಂಗೀತದ ಹುಚ್ಚು ಹೇಗೆ ಹಿಡಿಯಿತೋ ದೇವರಿಗೇ ಗೊತ್ತು. ದಿನವಿಡೀ ಗದ್ದಲದಲ್ಲಿ ಕೂತವಳು ಮನೆಗೆ ಬಂದು ಮತ್ತೆ ಡ್ರಮ್ಮು ಕೇಳುತ್ತಾಳಲ್ಲ ಎಂದು ಗಂಡ ತಮಾಷೆ ಮಾಡುತ್ತಿದ್ದ. ಈಗೀಗ ಯಾವ ರೆಕಾರ್ಡು ಹಾಕಿದರೂ ಸ್ಯಾಕ್ಸೊಫೋನು ನೆಗಡಿ ಹಿಡಿದವರ ದನಿಯಲ್ಲಿ ಹಾಡುತ್ತಿತ್ತು. ಪಿಯಾನೊ ಕಾಲೆಳೆದುಕೊಂಡು ಬರುತ್ತಿತ್ತು. ಪ್ಲೇಯರಿನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಅದನ್ನು ಅವಳೇ ಬಿಚ್ಚಿ, ಒರೆಸಿ, ಎಣ್ಣೆ ಕೊಟ್ಟು ಕೂರಿಸಿದ್ದಳು. ತನ್ನ ಕೈ ಬಿದ್ದ ಯಂತ್ರ ತಪ್ಪು ಮಾಡುವುದುಂಟೇ! ಅಕ್ಕನಿಗೆ ಅಷ್ಟು ಜಂಬ ಇತ್ತು, ಸುಳ್ಳು ಯಾಕೆ ಹೇಳಬೇಕು.

ಅವಳು ಇಷ್ಟು ಹೆದರಿದ್ದಕ್ಕೆ ಕಾರಣ ಅಪ್ಪ. ಅಪ್ಪ ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದವರು. ಐವತ್ತೈದರ ವಯಸ್ಸಿನಲ್ಲಿ ಒಂದು ಸಂಜೆ ರೇಡಿಯೋದ ಮುಂದೆ ಕೂತು, "ಯಾಕೋ ಹಾಡೆಲ್ಲ ಭಾರ ಆಗ್ಬಿಟ್ಟಿದೆ ಕಣೇ" ಅಂದಿದ್ದರು. ಎರಡು ವರ್ಷದಲ್ಲಿ ಪೂರ್ತಿ ಕಿವುಡಾದರು. ಆಮೇಲೆ ಮನೆಯವರು ಜಗಳವಾಡಿದರೂ ನಗುತ್ತಿದ್ದರು, ಅತ್ತರೂ ನಗುತ್ತಿದ್ದರು. ಎಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ, ತಪ್ಪಾಗಬಾರದೆಂದು ನಗುವ ಆ ನಗುವನ್ನು ಅಕ್ಕ ಮರೆತಿರಲಿಲ್ಲ. ಈಗ ಅವಳಿಗೆ ಐವತ್ತನಾಲ್ಕು.

ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಅಂಜಿಕೆ. ಕಿವಿಯ ಡಾಕ್ಟರ ಹತ್ತಿರ ಹೋಗಲಿಲ್ಲ, ಅದಕ್ಕೂ ಅದೇ ಕಾರಣ. ಕಾರ್ಖಾನೆಯಲ್ಲಿ ಒಂದು ಮೆಷಿನ್ನಿನ ಕೆಟ್ಟ ಸದ್ದು ಅವಳ ಗಮನಕ್ಕೆ ಬಾರದೆ ಹೋದ ದಿನ, ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕೂತಳು.

ಭಾನುವಾರ ಮಧ್ಯಾಹ್ನ ಜಾಜ್ ಹುಚ್ಚಿನ ನಾಲ್ವರು ಸೇರುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಡಾಕ್ಟರು, ಅಕ್ಕ, ನಿವೃತ್ತ ಗಣಿತದ ಮೇಷ್ಟ್ರು, ಮತ್ತೆ ಅಂಚೆ ಹಂಚುವ ಹುಡುಗಿ. ಪದ್ಧತಿ ಹೀಗೆ: ಒಬ್ಬರು ತಮ್ಮ ರೆಕಾರ್ಡನ್ನು ಇನ್ನೊಬ್ಬರಿಗೆ ಒಂದು ವಾರಕ್ಕೆ ಕೊಡಬೇಕು. ತೆಗೆದುಕೊಂಡವರು ಮುಂದಿನ ವಾರ ಬಂದು ಏನು ಕೇಳಿದೆ ಎಂದು ಹೇಳಬೇಕು. "ಚೆನ್ನಾಗಿತ್ತು" ಅಂದರೆ ಚಹಾ ಇಲ್ಲ. ಕೋಣೆಯಲ್ಲೇ ಒಂದು ಪ್ಲೇಯರು ಇದ್ದರೂ ಅಲ್ಲಿ ರೆಕಾರ್ಡು ಹಾಕುವಂತಿಲ್ಲ. ಹಿಂದೊಮ್ಮೆ ಹಾಕಿದಾಗ, ಸದ್ದು ಜಾಸ್ತಿಯಾಯಿತು ಎಂದು ಮೇಷ್ಟ್ರು, ಕಮ್ಮಿಯಾಯಿತು ಎಂದು ಡಾಕ್ಟರು, ಮೂರು ವಾರ ಮಾತು ಬಿಟ್ಟಿದ್ದರು. ಅಂದಿನಿಂದ ಕೇಳುವುದು ಅವರವರ ಮನೆಯಲ್ಲಿ, ಮಾತು ಮಾತ್ರ ಇಲ್ಲಿ.

ಆ ಭಾನುವಾರ ಅಕ್ಕ ಬಂದದ್ದು ಇನ್ನು ಬರುವುದಿಲ್ಲ ಎಂದು ಹೇಳುವುದಕ್ಕೆ. ಕೈಯಲ್ಲಿ ಡಾಕ್ಟರು ಕೊಟ್ಟ ಹಳದಿ ಕವರಿನ ರೆಕಾರ್ಡು ಇತ್ತು. ಕೊಡುವಾಗ ಡಾಕ್ಟರು ಏನೂ ಹೇಳಿರಲಿಲ್ಲ. ಮೊದಲೇ ಹೇಳಿ ಕೇಳುವವರ ಕಿವಿ ಕೆಡಿಸಬಾರದು ಎಂಬುದೂ ಒಂದು ನಿಯಮ.

ಅಂಚೆ ಹುಡುಗಿ ತನ್ನ ವಾರದ್ದು ಹೇಳಿ ಮುಗಿಸಿದಳು. ಕೇಳಿದ ಹಾಡು ಗುನುಗುತ್ತಾ ಎರಡು ಬೀದಿಯ ಕಾಗದ ಅದಲುಬದಲು ಮಾಡಿ ಹಂಚಿದ್ದಳಂತೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ನಕ್ಕಮೇಲೆ ಅಪ್ಪನ ನೆನಪಾಯಿತು.

"ಏನಮ್ಮಾ, ನಿಂದೇನು?" ಅಂದರು ಡಾಕ್ಟರು.

ಅಕ್ಕ ಕವರನ್ನು ತೊಡೆಯ ಮೇಲಿಟ್ಟುಕೊಂಡಳು. "ಡ್ರಮ್ಮು ಬಾರಿಸೋನು ಪಾಪ, ತಲೆ ಮೇಲೆ ಮೂಟೆ ಹೊತ್ಕೊಂಡು ಮೆಟ್ಲು ಹತ್ತೋ ಥರ ಬಾರಿಸ್ತಾನೆ. ಸ್ಯಾಕ್ಸೊಫೋನ್ ಊದೋರಿಗೆ ಮನೇಲಿ ಯಾರೋ ತೀರ್ಕೊಂಡಿರ್ಬೇಕು. ಊದೋಕೆ ಇಷ್ಟ ಇಲ್ಲ, ಆದ್ರೂ ಊದ್ತಿದ್ದಾರೆ. ಕೇಳಿ ನಂಗೆ ಅಳು ಬಂತು, ಡಾಕ್ಟ್ರೇ."

ಹುಡುಗಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ಅಮ್ಮಾ, ನನ್ನ ಹತ್ರ ಇರೋ ಮುನ್ನೂರು ರೆಕಾರ್ಡಲ್ಲಿ ಇಷ್ಟು ಖುಷಿಯಾದ್ದು ಇನ್ನೊಂದಿಲ್ಲ" ಎಂದರು ಡಾಕ್ಟರು ಮೆಲ್ಲಗೆ.

ಆಯಿತು, ಇನ್ನು ಅನುಮಾನಕ್ಕೆ ಜಾಗವೇ ಇಲ್ಲ ಅಂದುಕೊಂಡಳು ಅಕ್ಕ.

ಡಾಕ್ಟರು ಎದ್ದು ಅವಳ ತೊಡೆಯ ಮೇಲಿಂದ ಕವರು ತೆಗೆದುಕೊಂಡರು. ನಿಯಮ ಎಂದು ಯಾರೂ ಬಾಯಿಬಿಡಲಿಲ್ಲ. ಪ್ಲೇಯರಿನ ಮೇಲಿದ್ದ ಹಳೆ ಪತ್ರಿಕೆಗಳನ್ನು ಕೆಳಗಿಟ್ಟು, ರೆಕಾರ್ಡು ಕೂರಿಸಿ, ಸೂಜಿ ಇಳಿಸಿದರು. ಅಕ್ಕನಿಗೆ ಎದ್ದು ಓಡಿಹೋಗಬೇಕೆನಿಸಿತು. ಮೂರು ಜನ ತಲೆದೂಗುವಾಗ ತಾನೊಬ್ಬಳು ಆ ಭಾರದ ಹಾಡು ಕೇಳುತ್ತಾ, ತಪ್ಪಾಗಬಾರದೆಂದು ನಗಬೇಕು.

ಚರ್‌ ಎಂದಿತು ಸೂಜಿ. ಆಮೇಲೆ ಡ್ರಮ್ಮು ಹೊರಟಿತು ನೋಡಿ, ಶಾಲೆ ಬಿಟ್ಟ ಮಕ್ಕಳು ಓಡಿಬಂದ ಹಾಗೆ! ಹಿಂದೆಯೇ ಸ್ಯಾಕ್ಸೊಫೋನು. ನೆಗಡಿಯಿಲ್ಲ, ಸೂತಕವಿಲ್ಲ, ಗಂಟಲು ಬಿಚ್ಚಿ ಕೂಗುತ್ತಿತ್ತು. ಪಿಯಾನೊ ಎರಡರ ನಡುವೆ ನುಗ್ಗಿ ಕಚಗುಳಿ ಇಡುತ್ತಿತ್ತು.

"ಇದು ಬೇರೆ ರೆಕಾರ್ಡು" ಅಂದಳು ಅಕ್ಕ.

"ನೀವು ಈಗ ತಂದಿದ್ದೇ ಅಕ್ಕ" ಅಂದಳು ಹುಡುಗಿ.

ಅಕ್ಕ ಎದ್ದು ಹೋಗಿ ಬಗ್ಗಿ ನೋಡಿದಳು. ನಡುವಿನ ಕಾಗದದ ಮೇಲೆ ಮೊನ್ನೆ ಅವಳ ಕೈಯಿಂದ ಅಂಟಿದ ಮಸಿಯ ಗುರುತು ಸುತ್ತುತ್ತಿತ್ತು. ಅದೇ ರೆಕಾರ್ಡು. ಅದೇ ಕಿವಿ. ಅವಳು ಎಣಿಸಿದಳು, ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು. ಅರ್ಧ ನಿಮಿಷವೂ ಆಗಿರಲಿಲ್ಲ, ಮನೆಯದು ಇಷ್ಟು ಬೇಗ ಸುತ್ತುವುದಿಲ್ಲ ಎನ್ನಿಸಿ ಹಣೆ ಚಚ್ಚಿಕೊಂಡಳು.

"ಎಣ್ಣೆ! ಅಯ್ಯೋ ನನ್ನ ಬುದ್ಧಿಗಿಷ್ಟು!"

ಹೊಲಿಗೆ ಮೆಷಿನ್ನಿನ ಎಣ್ಣೆ. ಸುತ್ತುವುದು ಯಾವುದು ಕಂಡರೂ ನಾಲ್ಕು ತೊಟ್ಟು ಬಿಡುವುದು ಅವಳ ಕೈಗೆ ಅಂಟಿದ ಚಾಳಿ. ಮನೆಯ ಪ್ಲೇಯರಿಗೂ ಬಿಟ್ಟಿದ್ದಳು, ಧಾರಾಳವಾಗಿ. ಅದು ಹರಿದು ತಟ್ಟೆ ತಿರುಗಿಸುವ ರಬ್ಬರ್ ಬೆಲ್ಟಿಗೆ ಇಳಿದಿರಬೇಕು. ಬೆಲ್ಟು ಜಾರುತ್ತಿತ್ತು, ತಟ್ಟೆ ನಿಧಾನವಾಗಿ ತಿರುಗುತ್ತಿತ್ತು. ಎರಡು ತಿಂಗಳು ಅವಳು ಕೇಳಿದ್ದೆಲ್ಲ ಕಾಲು ಜಾರುವ ಸಂಗೀತ.

ನಗು, ಅಳು ಎರಡೂ ಒಟ್ಟಿಗೆ ಬಂದವು. ಕುರ್ಚಿಯಲ್ಲಿ ಕುಸಿದು, ಯಾರಿಗೂ ಹೇಳದಿದ್ದ ಅಪ್ಪನ ಕತೆಯನ್ನೆಲ್ಲ ಹೇಳಿದಳು. ಹೋದ ಜೀವ ಬಂದಂತಾಗಿತ್ತು ಅವಳಿಗೆ. ಕಾರ್ಖಾನೆಯಲ್ಲಿ ತಪ್ಪಿಹೋದ ಆ ಒಂದು ಸದ್ದು ಯಾರಿಗಾದರೂ ತಪ್ಪುವಂಥದ್ದೇ ಎಂದು ಈಗ ಹೊಳೆಯಿತು. ಆದರೂ ಕಿವಿಯ ಡಾಕ್ಟರಿಗೆ ಒಮ್ಮೆ ತೋರಿಸಿಬಿಡುತ್ತೇನೆ, ಈಗ ಹೆದರಿಕೆಯಿಲ್ಲ ಅಂದಳು.

ಮೇಷ್ಟ್ರು ಜೋರಾಗಿ ಉಸಿರು ಬಿಟ್ಟರು. "ಸದ್ಯ! ನಾವೇನೇನೋ ಅಂದ್ಕೊಂಡಿದ್ವಿ."

"ಏನು?"

"ವಾರ ವಾರ ಬಂದು ನೀವು ಅದೇ ಹೇಳ್ತಿದ್ರಿ. ಎಲ್ಲಾ ರೆಕಾರ್ಡಲ್ಲೂ ಸುಸ್ತು, ಸಾವು, ಅಳು. ಮನೇಲಿ ಏನೋ ದೊಡ್ಡದು ನಡೀತಿದೆ, ಹೇಳ್ಕೊಳ್ಳೋಕೆ ಆಗ್ತಿಲ್ಲ ಅನ್ನಿಸ್ತು. ಅದಕ್ಕೇ ಒಂದು ತಿಂಗಳಿಂದ ನಾವು ಮೂರೂ ಜನ ಮಾತಾಡ್ಕೊಂಡು, ಹುಡುಕಿ ಹುಡುಕಿ ಖುಷಿಯಾದ್ದೇ ನಿಮಗೆ ಕೊಡ್ತಾ ಬಂದ್ವಿ."

"ಮೇಷ್ಟ್ರು ಎರಡು ಸಲ ನಿಮ್ಮ ಕಾರ್ಖಾನೆ ಗೇಟಿನ ತನಕ ಬಂದಿದ್ರು ಅಕ್ಕ" ಅಂದಳು ಹುಡುಗಿ. "ಏನು ಕೇಳೋದು ಅಂತ ತಿಳೀದೆ ವಾಪಸ್ ಹೋದ್ರಂತೆ."

"ಅದೆಲ್ಲ ಈಗ ಯಾಕೆ?" ಎಂದು ಮೇಷ್ಟ್ರು ಗದರಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು.

ಒಬ್ಬಳೇ ಹೊತ್ತಿದ್ದೇನೆ ಎಂದು ಅಕ್ಕ ಅಂದುಕೊಂಡದ್ದನ್ನು ಈ ಮೂವರೂ, ಏನೆಂದು ಗೊತ್ತಿಲ್ಲದೆಯೇ, ಪಕ್ಕದಲ್ಲಿ ನಡೆದುಕೊಂಡು ಹೊತ್ತಿದ್ದರು. ಡಾಕ್ಟರು ನಾಲ್ಕು ಲೋಟ ಚಹಾ ತಂದಿಟ್ಟರು. ರೆಕಾರ್ಡಿನ ಮೊದಲ ಮುಖ ಮುಗಿಯಿತು. ಯಾರೂ ಕೇಳದೆಯೇ ಹುಡುಗಿ ಅದನ್ನು ತಿರುವಿ ಹಾಕಿದಳು.

"ಹಾಗಾದ್ರೆ ಮುಂದಿನ ವಾರಕ್ಕೆ ನಿಂಗೆ ಯಾವುದು ಕೊಡೋಣಮ್ಮಾ?" ಎಂದರು ಡಾಕ್ಟರು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಷ್ಟು ದಿನ ಕೊಟ್ರಲ್ಲ, ಅವನ್ನೆಲ್ಲ ಇನ್ನೊಂದ್ಸಲ ಕೊಡಿ" ಅಂದಳು. "ನಾನು ಇನ್ನೂ ಒಂದನ್ನೂ ಕೇಳಿಲ್ಲ."