ಮೂತಿಯ ಭಾರ

ಅತ್ತಿಗೆಯ ಹತ್ತಿರ ವಾಹನವಿರಲಿಲ್ಲ. ಹಾಯಿದೋಣಿಯಿತ್ತು, ಅದನ್ನು ಹೊರುವ ಎರಡು ಗಾಲಿಯ ಟ್ರೇಲರ್ ಇತ್ತು. ಎಳೆಯುವುದಕ್ಕೆ ಮಾತ್ರ ಮೈದುನನ ಜೀಪೇ ಗತಿ. ಗುಡ್ಡದಾಚೆಯ ಸರೋವರದಲ್ಲಿ ಹಾಯಿ ಕಲಿಸುವ ಶಾಲೆಗೆ ಶಿಕ್ಷಕಿ ಬೇಕಾಗಿತ್ತು. ಸ್ವಂತ ದೋಣಿಯೊಂದಿಗೆ ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಬಂದು ನಡೆಸಿ ತೋರಿಸಬೇಕು ಎಂದಿದ್ದರು. ಅಂಥದೊಂದು ಕೆಲಸಕ್ಕೆ ಅವಳು ವರ್ಷಗಟ್ಟಲೆ ಕಾದಿದ್ದಳು.

ಮೈದುನ ಬೆಳಗ್ಗೆಯೇ ಸಾಮಾನು ತುಂಬಿ ಮುಗಿಸಿದ್ದ. ಮೋಟಾರು, ಲಂಗರು, ಹಗ್ಗದ ಸುರುಳಿ, ಸಲಕರಣೆ ಪೆಟ್ಟಿಗೆ ಎಲ್ಲವನ್ನೂ ದೋಣಿಯ ಹಿಂಭಾಗಕ್ಕೆ ಸೇರಿಸಿದ್ದ, ಕೈಗೆ ಎಟುಕುವುದು ಅದೇ ಎಂದು. ಅತ್ತಿಗೆ ಒಂದು ಸುತ್ತು ಬಂದಳು. ಒಳಗೆ ಹೋಗಿ, ಅತ್ತೆ ತೂಕ ನೋಡಿಕೊಳ್ಳುವ ಯಂತ್ರ ಹಿಡಿದು ಬಂದಳು.

"ಅಮ್ಮ ನೋಡಿದ್ರೆ ಬೈತಾರೆ," ಎಂದ ಮೈದುನ.

"ಅವರು ಇದನ್ನ ಹತ್ತೋದು ಬಿಟ್ಟು ಎಷ್ಟೋ ಕಾಲ ಆಯ್ತು ಕಣೋ. ನಿಜ ಹೇಳುತ್ತೆ ಅಂತ ಸಿಟ್ಟು."

ಜೀಪಿಗೆ ಸಿಕ್ಕಿಸುವ ಟ್ರೇಲರಿನ ಮೂತಿಯನ್ನು ಯಂತ್ರದ ಮೇಲೆ ಕೂರಿಸಿದಳು. ಮುಳ್ಳು ಅಲ್ಲಾಡಿದ್ದು ಅಷ್ಟಕ್ಕಷ್ಟೇ. ಒಟ್ಟು ಭಾರದ ಹತ್ತನೇ ಒಂದು ಪಾಲಾದರೂ ಮೂತಿಯ ಮೇಲೆ ಬೀಳಬೇಕು, ಇಲ್ಲದಿದ್ದರೆ ವೇಗ ಹಿಡಿದಾಗ ಟ್ರೇಲರ್ ಬಾಲ ಬೀಸಿ ಜೀಪನ್ನೂ ರಸ್ತೆಯಿಂದಾಚೆ ಎಳೆದು ಹಾಕುತ್ತದೆ ಎಂದು ವಿವರಿಸಿದಳು. ಮೋಟಾರು, ಲಂಗರು ಜೀಪಿಗೆ ಹೋದವು. ಪಟ್ಟಿ ಸಡಿಲಿಸಿ, ರಾಟೆ ತಿರುಗಿಸಿ ದೋಣಿಯನ್ನೇ ಒಂದು ಗೇಣು ಮುಂದಕ್ಕೆ ಎಳೆದಳು. ಮುಳ್ಳು ಬೇಕಾದಲ್ಲಿಗೆ ಬಂತು. ಮೈದುನ ಜೀಪು ಹತ್ತಲು ಹೊರಟ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಏರುದಾರಿಯಲ್ಲಿ ಮೂತಿ ಮೇಲಾಗುತ್ತದೆ, ಹಾಗೆಯೂ ಇಟ್ಟು ನೋಡೋಣ ಎಂದು ಯಂತ್ರದ ಕೆಳಗೆ ಗಟ್ಟಿ ಮರದ ಪೆಟ್ಟಿಗೆ ಕೊಟ್ಟಳು. ಮುಳ್ಳು ತುಸು ಇಳಿಯಿತು. ಅದು ಸಹಜವೇ. ಆದರೆ ಯಾರೂ ಮುಟ್ಟದೆ ಅದು ಇಳಿಯುತ್ತಲೇ ಹೋಯಿತು. ಮೈದುನ ಯಂತ್ರ ಕೆಟ್ಟಿದೆ ಎಂದ. ಅವಳು ದೋಣಿಯ ಹೊಟ್ಟೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ತಟ್ಟುತ್ತ ಹಿಂದಕ್ಕೆ ನಡೆದಳು. ತುದಿಗೆ ಬರುವಾಗ ಸದ್ದು ಮಂದವಾಯಿತು.

"ನೀರಿದೆ, ಒಳಗಿನ ಹಲಗೆ ಕೆಳಗೆ. ಏರಿನಲ್ಲಿ ಪೂರಾ ಹಿಂದಕ್ಕೆ ಓಡುತ್ತೆ."

ನೀರು ಬಿಡುವ ಬಿರಡೆ ಕಾಣಿಸಲಿಲ್ಲ. ಹಿಂದಿನ ವಾರ ಮೈದುನ ಅತ್ತಿಗೆಗೆ ಖುಷಿಯಾಗಲಿ ಎಂದು ದೋಣಿಗೆ ಬಣ್ಣ ಬಳಿದಿದ್ದ; ಬಿರಡೆಯ ಮೇಲೂ ಬಳಿದಿದ್ದ, ಅದೂ ಎರಡು ಕೋಟು. ಹುಡುಕಿ, ಕೆರೆದು, ಬಿಚ್ಚುವಷ್ಟರಲ್ಲಿ ಬಿಸಿಲೇರಿತ್ತು. ನೀರು ದಾರದಂತೆ ಇಳಿಯತೊಡಗಿತು. ದಾರಿಯುದ್ದಕ್ಕೂ ಸುರಿಸುತ್ತಲೇ ಹೋಗೋಣ ಎಂದು ಅವನು ಗೋಗರೆದ.

"ಹೊತ್ತು ಮೀರಿದ್ರೆ ಕೆಲಸ ಹೋಗುತ್ತೆ ಅತ್ತಿಗೆ."

"ಗುಡ್ಡ ಶುರುವಾಗೋದೇ ಬೀದಿ ತುದಿಯಿಂದ. ಎದುರಿಗೆ ಬರೋರಿಗೆ ನಂದು ಪರೀಕ್ಷೆ ಇದೆ ಅಂತ ಗೊತ್ತಿರುತ್ತಾ?"

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಕೈಗಡಿಯಾರವನ್ನು ಒಂದು ಸಲ ನೋಡಿ, ಬಿಚ್ಚಿ ಜೇಬಿಗೆ ಹಾಕಿಕೊಂಡು ಗಾಲಿಯ ಪಕ್ಕ ಕೂತಳು. ಕೊನೆಯ ಹನಿ ಬಿದ್ದ ಮೇಲೆ ಮತ್ತೆ ಎರಡೂ ರೀತಿ ತೂಗಿದಳು. ಈ ಸಲ ಮುಳ್ಳು ನಿಂತಲ್ಲೇ ನಿಂತಿತು.

ಗುಡ್ಡ ಹತ್ತಿ ಇಳಿಯುವಾಗ, ತಿರುವಿನಲ್ಲಿ ಬಸ್ಸೊಂದು ಪಕ್ಕದಲ್ಲೇ ನುಗ್ಗಿ ಹೋಯಿತು. ಅದರ ಗಾಳಿಗೆ ಜೀಪೇ ಅದುರಿತು, ಹಿಂದೆಲ್ಲೋ ಕಲ್ಲು ಸಿಡಿದ ಸದ್ದಾಯಿತು. ಮೈದುನ ಕನ್ನಡಿ ನೋಡಿದ. ದೋಣಿ ನೂಲು ಹಿಡಿದಂತೆ ನೇರವಾಗಿ ಬರುತ್ತಿತ್ತು. ಇಷ್ಟು ವರ್ಷ ಜೀಪಿನಲ್ಲಿ ಬಾಡಿಗೆ ಹೊಡೆದಿದ್ದರೂ, ಇಷ್ಟು ಹದವಾಗಿ ಕೂತ ಭಾರವನ್ನು ಅವನು ಎಂದೂ ಎಳೆದಿರಲಿಲ್ಲ. 

"ಎಲ್ಲಿಗೆ ಬೇಕಾದ್ರೂ ಕರೀರಿ, ಎಳೀತೀನಿ," ಎಂದಷ್ಟೇ ಅಂದ.

ಸರೋವರ ತಲುಪಿದಾಗ ಒಂದೂವರೆ. ಬೇರೆಯವರನ್ನು ತೆಗೆದುಕೊಂಡಾಯಿತು ಎಂದು ಶಾಲೆಯವರು ಮರ್ಯಾದೆಯಿಂದಲೇ ಹೇಳಿದರು. ಅತ್ತಿಗೆಯ ಮುಖ ಇಷ್ಟೇ ಇಷ್ಟಾಯಿತು. ಆಮೇಲೆ, ಬಂದದ್ದು ಬಂದಾಯಿತು, ದೋಣಿ ಇಳಿಸಬಹುದೇ ಎಂದು ಕೇಳಿದಳು. ಸಂಜೆಯವರೆಗೂ ಒಬ್ಬಳೇ ಹಾಯಿ ನಡೆಸಿದಳು. ದಡದಲ್ಲಿ ನಿಂತ ಮೈದುನ ಬೇರೆ ಯಾವ ಹಾಯಿಯನ್ನೂ ನೋಡಲಿಲ್ಲ.

ಮರಳಿ ಪಟ್ಟಿ ಬಿಗಿಯುವಾಗ ಏನೇನು ಹೋಗಿದೆ ಎಂದು ಮೈದುನ ಲೆಕ್ಕ ಹಾಕಿದ. ಕೆಲಸ, ಒಂದು. ಕಲ್ಲು ಸಿಡಿದು ಒಡೆದ ಟ್ರೇಲರಿನ ಹಿಂದಿನ ಕೆಂಪು ದೀಪದ ಗಾಜು, ಒಂದು. ಮತ್ತೇನೂ ಇಲ್ಲ.